ಪುಸ್ತಕದೊಳಗಿನ ಕೈಮರಗಳು

ನಿಮ್ಮ ಬಳಿ ಇರುವ ಯಾವುದಾದರೂ ಪಠ್ಯಪುಸ್ತಕವನ್ನು ತೆರೆದು ನಾಲ್ಕಾರು ಪುಟ ತಿರುವಿ ನೋಡಿ. ‘ಈ ನಿಯಮವನ್ನು 3ನೆಯ ಅಧ್ಯಾಯದಲ್ಲಿ ವಿವರಿಸಲಾಗಿದೆ’, ‘ಚಿತ್ರ 7.2 ನೋಡಿ’, ‘ಹೆಚ್ಚಿನ ವಿವರಗಳಿಗೆ 11ನೆಯ ಅಧ್ಯಾಯ ಓದಿ’ ಎಂಬಂಥ ಮಾತುಗಳು ಅಲ್ಲಲ್ಲಿ ಸಿಗುತ್ತವೆ. ಊರಿನ ದಾರಿಯಲ್ಲಿ ಕೈಮರ ನಿಂತು ‘ಈ ಕಡೆ ಹೋಗಿ’ ಎನ್ನುವಂತೆ ಇವು ಪುಸ್ತಕದೊಳಗೆ ನಮಗೆ ದಾರಿ ತೋರಿಸುತ್ತವೆ. ಪುಸ್ತಕ ಮುದ್ರಿಸುವವರು ಇವನ್ನು ಅಡ್ಡ ಉಲ್ಲೇಖಗಳು ಎನ್ನುತ್ತಾರೆ.

ಓದುವಾಗ ನಾವು ಇವುಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಕೈಮರ ಸರಿಯಾಗಿದ್ದರೆ ಅದನ್ನು ಯಾರೂ ನೆನೆಯುವುದಿಲ್ಲ. ಅದು ತಪ್ಪು ದಿಕ್ಕು ತೋರಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ಒಂದು ಪೋಸ್ಟ್‌ಕಾರ್ಡಿನಿಂದ.

ಒಂದು ಪೋಸ್ಟ್‌ಕಾರ್ಡು

2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಾಯಿತು. ನಮ್ಮ ರಾಜ್ಯದಲ್ಲಿ ಮಂಗಳೂರು, ಕೊಡಗು ಮೊದಲಾದ ಕೆಲವು ಕಡೆ ಅದು ಕಂಕಣ ಗ್ರಹಣವಾಗಿ ಕಂಡಿತು; ಉಳಿದೆಡೆ ಪಾರ್ಶ್ವ ಗ್ರಹಣ. ಅದಕ್ಕೆ ಕೆಲವು ವಾರ ಮೊದಲು, ಆಕಾಶವನ್ನು ಕುರಿತ ನಮ್ಮ ಭಾಷಣ ಮಾಲೆಗೆ ಇಂಥದೇ ಒಂದು ಪುಸ್ತಿಕೆಯನ್ನು ಸಿದ್ಧಪಡಿಸುತ್ತಿದ್ದೆವು. ಹನ್ನೊಂದು ಭಾಷಣ, ಹನ್ನೊಂದು ಅಧ್ಯಾಯ. 4ನೆಯದು ‘ಬರಿಗಣ್ಣಿಗೆ ಕಾಣುವ ರಾತ್ರಿಯ ಆಕಾಶ’. 5ನೆಯದು ‘ಗ್ರಹಣ ನೋಡುವಾಗ ಕಣ್ಣಿನ ರಕ್ಷಣೆ’. ಪುಸ್ತಿಕೆಯಲ್ಲಿ ಗ್ರಹಣದ ಮಾತು ಬಂದಲ್ಲೆಲ್ಲ ‘ಸೂರ್ಯನತ್ತ ನೋಡುವ ಮುನ್ನ 5ನೆಯ ಅಧ್ಯಾಯ ಓದಿ’ ಎಂದು ಬರೆದಿದ್ದೆವು.

ಪುಟಗಳೆಲ್ಲ ಸಿದ್ಧವಾದ ಮೇಲೆ ಚಂದ್ರನನ್ನು ಕುರಿತ ಇನ್ನೊಂದು ಭಾಷಣ ಸೇರಿತು. ಅದನ್ನು 3ನೆಯ ಅಧ್ಯಾಯವಾಗಿ ನಡುವೆ ಇಟ್ಟೆವು. ಆಗ ಹಳೆಯ 3 ಹೊಸ 4 ಆಯಿತು; ರಾತ್ರಿಯ ಆಕಾಶ 5ಕ್ಕೆ ಬಂತು; ಕಣ್ಣಿನ ರಕ್ಷಣೆ 6ಕ್ಕೆ ಸರಿಯಿತು. ಉಲ್ಲೇಖಗಳನ್ನೆಲ್ಲ ತಿದ್ದಬೇಕಲ್ಲ! ಪೆನ್ನು ಹಿಡಿದು ಕರಡಿನ ಮುಂದೆ ನಾನೇ ಕುಳಿತೆ. ಹತ್ತೊಂಬತ್ತು ಕಡೆ ತಿದ್ದಬೇಕಾಗಿತ್ತು. ಹದಿನೆಂಟು ಕಡೆ ತಿದ್ದಿದೆ. ಉಳಿದ ಒಂದು, ಚಿತ್ರವೊಂದರ ಕೆಳಗಿನ ಸಣ್ಣ ಅಡಿಬರಹದಲ್ಲಿ ಅಡಗಿ ಕುಳಿತಿತ್ತು.

ಪುಸ್ತಿಕೆ ಹೊರಬಂದ ಕೆಲವೇ ದಿನಗಳಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಪೋಸ್ಟ್‌ಕಾರ್ಡು ಬಂತು. ಅವಳ ಪ್ರಶ್ನೆ ಹೀಗಿತ್ತು: ‘ಸರ್, ಸೂರ್ಯನನ್ನು ನೋಡುವ ವಿಧಾನಕ್ಕೆ 5ನೆಯ ಅಧ್ಯಾಯ ಓದಿ ಎಂದು ಚಿತ್ರದ ಕೆಳಗೆ ಇದೆ. 5ನೆಯ ಅಧ್ಯಾಯದಲ್ಲಿ ಯಾವ ಉಪಕರಣವೂ ಬೇಡ, ಬರಿಗಣ್ಣೇ ಸಾಕು ಎಂದಿದೆ. ಗ್ರಹಣದ ಸೂರ್ಯನನ್ನೂ ಹಾಗೆಯೇ ನೋಡಬಹುದೇ?’

ಓದಿ ನನ್ನ ಎದೆ ಧಸಕ್ಕೆಂದಿತು. ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣಿನ ಅಕ್ಷಿಪಟಲ ಸುಡುತ್ತದೆ. ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳಿಲ್ಲ, ಆದ್ದರಿಂದ ಸುಡುವಾಗ ಗೊತ್ತೂ ಆಗುವುದಿಲ್ಲ. ಗ್ರಹಣಕ್ಕೆ ಇನ್ನೂ ದಿನಗಳಿದ್ದವು. ಮುಂದಿನ ಕಾರ್ಯಕ್ರಮದಲ್ಲೂ ಅದರ ಮುಂದಿನದರಲ್ಲೂ ತಿದ್ದುಪಡಿಯನ್ನು ಓದಿಸಿದೆವು. ಆ ಹುಡುಗಿಗೆ ಅದೇ ದಿನ ಉತ್ತರ ಬರೆದೆ. ತಪ್ಪು ಒಂದೇ ಅಂಕಿಯದು, ಹೊಣೆ ಪೂರ್ತಿ ನನ್ನದು. ಆದರೆ ಆಮೇಲೆ ಯೋಚಿಸಿದಾಗ ಒಂದು ಪ್ರಶ್ನೆ ಎದ್ದಿತು. ಹತ್ತೊಂಬತ್ತು ಕಡೆ ಕಣ್ಣಿಟ್ಟು ಹುಡುಕುವ ಕೆಲಸವನ್ನು ಮನುಷ್ಯನಿಗೇಕೆ ಬಿಡಬೇಕು?

ಹುಡುಕಿ ಬದಲಿಸಿದರೆ ಸಾಲದೆ?

‘ಗಣಕಯಂತ್ರದಲ್ಲಿ ಹುಡುಕಿ ಬದಲಿಸುವ ಸೌಲಭ್ಯ ಇದೆಯಲ್ಲ, 5 ಇರುವ ಕಡೆಯೆಲ್ಲ 6 ಮಾಡು ಎಂದರೆ ಮುಗಿಯಿತು’ ಎಂದು ನೀವು ಹೇಳಬಹುದು. ಹಾಗೆ ಮಾಡಿ ನೋಡೋಣ.

ಮೊದಲ ತೊಂದರೆ: ‘5 ನಿಮಿಷ’, ‘5 ಗ್ರಹಗಳು’ ಎಂಬುವೂ 6 ಆಗಿಬಿಡುತ್ತವೆ. ಆದ್ದರಿಂದ ‘5ನೆಯ ಅಧ್ಯಾಯ’ ಎಂದು ಪೂರ್ತಿಯಾಗಿ ಹುಡುಕಬೇಕು. ಆದರೆ ಒಬ್ಬ ಲೇಖಕರು ‘5ನೆಯ’ ಎಂದು ಬರೆದಿರುತ್ತಾರೆ, ಇನ್ನೊಬ್ಬರು ‘5ನೇ’ ಎಂದು, ಮತ್ತೊಬ್ಬರು ‘ಐದನೆಯ’ ಎಂದು. ಒಬ್ಬರಂತೂ ‘ಹಿಂದಿನ ಅಧ್ಯಾಯದಲ್ಲಿ’ ಎಂದಷ್ಟೇ ಬರೆದಿರುತ್ತಾರೆ. ಅಲ್ಲಿ ಹುಡುಕಲು ಅಂಕಿಯೇ ಇಲ್ಲ.

ಎರಡನೆಯ ತೊಂದರೆ ಇನ್ನೂ ಸ್ವಾರಸ್ಯವಾದದ್ದು. 3 ಇದ್ದದ್ದು 4 ಆಗಬೇಕು, 4 ಇದ್ದದ್ದು 5, 5 ಇದ್ದದ್ದು 6. ನೀವು ಮೊದಲು ಎಲ್ಲ 3ಗಳನ್ನು 4 ಮಾಡಿದಿರಿ ಎನ್ನಿ. ಈಗ 4 ಎಂದು ಬರೆದಿರುವವುಗಳಲ್ಲಿ ಹಳೆಯ 4 ಯಾವುದು, ಈಗಷ್ಟೇ ಬದಲಾದ 4 ಯಾವುದು? ಎರಡೂ ಒಂದೇ ರೂಪ. ಮುಂದಿನ ಹೆಜ್ಜೆಯಲ್ಲಿ ಎರಡೂ 5 ಆಗುತ್ತವೆ, ಅದರ ಮುಂದಿನದರಲ್ಲಿ ಎಲ್ಲವೂ 6. ಕೊನೆಗೆ ಪುಸ್ತಕದ ಉಲ್ಲೇಖಗಳೆಲ್ಲ ಒಂದೇ ಅಧ್ಯಾಯಕ್ಕೆ ಕೈ ತೋರಿಸುತ್ತವೆ! ದೊಡ್ಡ ಸಂಖ್ಯೆಯಿಂದ ಶುರುಮಾಡಿ ಕೆಳಗಿಳಿದರೆ ಈ ತೊಂದರೆ ತಪ್ಪುತ್ತದೆ. ಅದು ನೆನಪಿರಬೇಕು, ಅಷ್ಟೆ. ಮುದ್ರಣಾಲಯಕ್ಕೆ ಪುಟ ಕಳಿಸುವ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ನೆನಪಿರುವುದು ಕಷ್ಟ.

ತೊಂದರೆಯ ಬೇರು ಎಲ್ಲಿದೆ? ‘5’ ಎಂಬುದು ಆ ಅಧ್ಯಾಯದ ಹೆಸರಲ್ಲ; ಸಾಲಿನಲ್ಲಿ ಅದು ನಿಂತಿರುವ ಜಾಗ. ಬಸ್ಸಿಗಾಗಿ ಸಾಲಿನಲ್ಲಿ ನಿಂತವರನ್ನು ‘ಐದನೆಯವರೇ’ ಎಂದು ಕರೆದಂತೆ ಅದು. ಮುಂದೆ ಒಬ್ಬರು ಬಂದು ಸೇರಿದರೆ ಐದನೆಯವರು ಬೇರೆ ಯಾರೋ ಆಗಿರುತ್ತಾರೆ. ಹೆಸರು ಹಿಡಿದು ಕರೆದರೆ ಸಾಲು ಹೇಗೆ ಬದಲಾದರೂ ಅದೇ ವ್ಯಕ್ತಿ ತಿರುಗಿ ನೋಡುತ್ತಾರೆ.

ಹಿಂದಿನವರು ಏನು ಮಾಡುತ್ತಿದ್ದರು?

ಈ ಸಮಸ್ಯೆ ಹಳೆಯದು. ತಾಳೆಗರಿಯಲ್ಲಿ ಗ್ರಂಥಗಳನ್ನು ನಕಲು ಮಾಡುತ್ತಿದ್ದ ಕಾಲದಲ್ಲಿ ಒಂದು ಪ್ರತಿಯ ಇಪ್ಪತ್ತನೆಯ ಗರಿಯಲ್ಲಿದ್ದ ಪದ್ಯ ಇನ್ನೊಂದು ಪ್ರತಿಯಲ್ಲಿ ಇಪ್ಪತ್ತೈದನೆಯ ಗರಿಯಲ್ಲಿ ಇರಬಹುದಾಗಿತ್ತು. ಗರಿ ದೊಡ್ಡದಿದ್ದರೆ, ಅಕ್ಷರ ಸಣ್ಣದಿದ್ದರೆ ಎಲ್ಲವೂ ಬದಲು. ಹೀಗಾಗಿ ಗರಿಯ ಸಂಖ್ಯೆ ಹೇಳಿ ಪ್ರಯೋಜನವಿಲ್ಲ. ಕುಮಾರವ್ಯಾಸ ಭಾರತದ ಪದ್ಯವನ್ನು ಇಂದಿಗೂ ಪರ್ವ, ಸಂಧಿ, ಪದ್ಯಸಂಖ್ಯೆ ಹೇಳಿ ಗುರುತಿಸುತ್ತೇವೆ. ಪುಟ ಹೇಗೇ ಬದಲಾದರೂ ಈ ವಿಳಾಸ ಬದಲಾಗುವುದಿಲ್ಲ. ಹಾಳೆಯ ಅಳತೆಗೆ ಅಂಟಿಕೊಳ್ಳದೆ ಕೃತಿಯ ರಚನೆಗೆ ಅಂಟಿಕೊಂಡ ವಿಳಾಸ ಅದು.

ನಿಘಂಟುಗಳು ಇನ್ನೂ ಜಾಣತನ ತೋರಿಸಿದವು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಂಥ ದೊಡ್ಡ ಪುಸ್ತಕದಲ್ಲಿ ಒಂದು ಪದದಿಂದ ಇನ್ನೊಂದಕ್ಕೆ ಕಳಿಸಬೇಕಾದರೆ ಪುಟಸಂಖ್ಯೆ ಬೇಕಾಗುವುದೇ ಇಲ್ಲ. ಇಂಥ ಪದವನ್ನು ನೋಡಿ ಎಂದರಾಯಿತು. ಪದವೇ ವಿಳಾಸ, ಅಕಾರಾದಿ ಕ್ರಮವೇ ದಾರಿ.

ಆದರೆ ಎಲ್ಲ ಪುಸ್ತಕಗಳೂ ಅಕಾರಾದಿಯಲ್ಲಿ ಇರುವುದಿಲ್ಲ. ಸೀಸದ ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ದಿನಗಳಲ್ಲಿ ಮುಂದಿನ ಪುಟವೊಂದನ್ನು ಉಲ್ಲೇಖಿಸಬೇಕಾದರೆ, ಆ ಪುಟ ಇನ್ನೂ ಕಟ್ಟಿರದ ಕಾರಣ, ‘ಪುಟ 000 ನೋಡಿ’ ಎಂದು ಸೊನ್ನೆಗಳನ್ನು ಇಡುವ ರೂಢಿ ಇತ್ತು. ಪುಟಗಳೆಲ್ಲ ಕಟ್ಟಿ ಮುಗಿದ ಮೇಲೆ ಸೊನ್ನೆಗಳನ್ನು ಕಿತ್ತು ನಿಜವಾದ ಅಂಕಿ ಹಾಕುವುದು. ಒಂದು ಕಡೆ ಮರೆತರೆ ಸೊನ್ನೆಗಳೇ ಅಚ್ಚಾಗಿ ಬರುತ್ತಿದ್ದವು.

ಇನ್ನೊಂದು ಉಪಾಯವನ್ನು ನೀವು ಈಗಲೂ ನೋಡಬಹುದು. ಎಷ್ಟೋ ಪುಸ್ತಕಗಳಲ್ಲಿ ಮುನ್ನುಡಿ, ಪರಿವಿಡಿಗಳ ಪುಟಗಳಿಗೆ ರೋಮನ್ ಅಂಕಿಗಳಿರುತ್ತವೆ. 1ನೆಯ ಪುಟ ಶುರುವಾಗುವುದು ಮೊದಲ ಅಧ್ಯಾಯದಿಂದ. ಇದು ಅಲಂಕಾರಕ್ಕಲ್ಲ. ಮುನ್ನುಡಿ ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಗೆ ಬಂದು ಸೇರುತ್ತದೆ. ಅದಕ್ಕೆ ಬೇರೆ ಎಣಿಕೆ ಇಟ್ಟರೆ, ಅದು ನಾಲ್ಕು ಪುಟವಾದರೂ ಹದಿನಾಲ್ಕು ಪುಟವಾದರೂ ಒಳಗಿನ ಪುಟಸಂಖ್ಯೆ ಕದಲುವುದಿಲ್ಲ.

ಸಂಖ್ಯೆ ಬೇಡ, ಹೆಸರು ಕೊಡಿ

ಗಣಕಯಂತ್ರದಲ್ಲಿ ಪುಸ್ತಕ ಜೋಡಿಸುವ ಕಲೆಗೆ ದೊಡ್ಡ ತಿರುವು ಕೊಟ್ಟವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್. ಅವರ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥದ ಮೊದಲ ಸಂಪುಟ 1968ರಲ್ಲಿ ಹಳೆಯ ಸೀಸದ ಅಚ್ಚಿನಲ್ಲಿ ಬಂದಿತ್ತು. ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡು 1977ರಲ್ಲಿ ಅವರ ಕೈಸೇರಿತು. ಆಗ ಹೊಸದಾಗಿದ್ದ ಛಾಯಾಕ್ಷರ ಜೋಡಣೆಯಲ್ಲಿ ತಯಾರಾಗಿದ್ದ ಆ ಪುಟಗಳ ಅಂದ ಅವರಿಗೆ ಸರಿತೋರಲಿಲ್ಲ. ಹಾಗಾದರೆ ಅಕ್ಷರ ಜೋಡಿಸುವ ತಂತ್ರಾಂಶವನ್ನು ತಾವೇ ಬರೆಯುವುದೆಂದು ನಿರ್ಧರಿಸಿದರು. ಹೀಗೆ ಹುಟ್ಟಿದ್ದು ‘ಟೆಕ್’.

ಅಡ್ಡ ಉಲ್ಲೇಖಗಳ ಕೆಲಸವನ್ನು ಸುಲಭಗೊಳಿಸಿದ ತಂತ್ರಾಂಶಗಳಲ್ಲಿ ಮುಖ್ಯವಾದವು ಎರಡು. ಒಂದು, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಬ್ರಯನ್ ರೀಡ್ ರಚಿಸಿದ ‘ಸ್ಕ್ರೈಬ್’. ಇನ್ನೊಂದು, ಟೆಕ್‌ನ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ ‘ಲಾಟೆಕ್’. ಇಂದಿಗೂ ಜಗತ್ತಿನ ಬಹುಪಾಲು ಗಣಿತದ ಪ್ರಬಂಧಗಳನ್ನು ಲಾಟೆಕ್‌ನಲ್ಲೇ ಜೋಡಿಸುತ್ತಾರೆ. ಕ್ನೂತ್ 1974ರಲ್ಲಿ, ಲ್ಯಾಂಪೋರ್ಟ್ 2013ರಲ್ಲಿ, ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದವರು.

ಅವರ ಉಪಾಯ ಬಹಳ ಸರಳ. ಬರೆಯುವವರು ಸಂಖ್ಯೆಯನ್ನೇ ಬರೆಯಬಾರದು. ಅಧ್ಯಾಯದ ಶೀರ್ಷಿಕೆಯ ಜೊತೆಗೆ ಒಂದು ಗುರುತಿನ ಹೆಸರನ್ನು ಕಟ್ಟಬೇಕು. ಈ ಆದೇಶಕ್ಕೆ ‘ಲೇಬಲ್’ ಎಂದು ಹೆಸರು. ನಮ್ಮ ಪುಸ್ತಿಕೆಯಲ್ಲಾದರೆ ಕಣ್ಣಿನ ರಕ್ಷಣೆಯ ಅಧ್ಯಾಯಕ್ಕೆ ‘ಕಣ್ಣು’ ಎಂದೇ ಹೆಸರಿಡಬಹುದು. ಬೇರೆ ಕಡೆ ಅದನ್ನು ಉಲ್ಲೇಖಿಸುವಾಗ ‘5ನೆಯ ಅಧ್ಯಾಯ’ ಎನ್ನದೆ, ‘ಕಣ್ಣು ಎಂಬ ಹೆಸರಿನ ಅಧ್ಯಾಯದ ಸಂಖ್ಯೆಯನ್ನು ಇಲ್ಲಿ ಹಾಕು’ ಎಂದು ಯಂತ್ರಕ್ಕೆ ಹೇಳಬೇಕು. ಇದು ‘ರೆಫ್’ ಎಂಬ ಆದೇಶ. ಅಧ್ಯಾಯ ಯಾವ ಪುಟದಲ್ಲಿದೆ ಎಂದು ತಿಳಿಯಬೇಕಾದರೆ ‘ಪೇಜ್‌ರೆಫ್’.

ಅಧ್ಯಾಯಗಳನ್ನು ಎಣಿಸುವುದು ಯಂತ್ರದ ಕೆಲಸ. ಅದರೊಳಗೆ ಒಂದು ಎಣಿಕೆ ಇರುತ್ತದೆ. ಪ್ರತಿ ಅಧ್ಯಾಯದ ಶೀರ್ಷಿಕೆ ಬಂದಾಗ ಎಣಿಕೆ ಒಂದು ಹೆಚ್ಚುತ್ತದೆ. ‘ಕಣ್ಣು’ ಎಂಬ ಲೇಬಲ್ ಸಿಕ್ಕಿದಾಗ ಎಣಿಕೆ ಎಷ್ಟಿದೆಯೋ ಅದೇ ಅದರ ಸಂಖ್ಯೆ. ಚಂದ್ರನ ಅಧ್ಯಾಯವನ್ನು ನಡುವೆ ಸೇರಿಸಿದರೆ ಎಣಿಕೆ ತಾನಾಗಿಯೇ 6 ಆಗುತ್ತದೆ. ಹತ್ತೊಂಬತ್ತು ಕಡೆಗಳಲ್ಲೂ, ಚಿತ್ರದ ಅಡಿಬರಹದಲ್ಲೂ, 6 ಎಂದೇ ಬರುತ್ತದೆ.

ಒಂದೇ ಸುತ್ತು ಏಕೆ ಸಾಲದು?

ಇಲ್ಲಿ ಒಂದು ಸಣ್ಣ ಒಗಟು ಇದೆ. ಯಂತ್ರ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಪುಟ ಕಟ್ಟುತ್ತದೆ. 2ನೆಯ ಅಧ್ಯಾಯದಲ್ಲಿ ‘ಕಣ್ಣು ಎಂಬುದರ ಸಂಖ್ಯೆ ಹಾಕು’ ಎಂಬ ಆದೇಶ ಸಿಗುತ್ತದೆ. ಆದರೆ ಕಣ್ಣಿನ ಅಧ್ಯಾಯ ಇನ್ನೂ ಮುಂದೆ ಇದೆ. ಯಂತ್ರ ಅಲ್ಲಿಗೆ ತಲುಪಿಯೇ ಇಲ್ಲ. ಆಗ ಅದು ಏನು ಹಾಕಬೇಕು?

ಲಾಟೆಕ್ ಅಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕಿ ಮುಂದೆ ಹೋಗುತ್ತದೆ: ‘??ನೆಯ ಅಧ್ಯಾಯ ಓದಿ’. ಸೀಸದ ಮೊಳೆಯವರು ಹಾಕುತ್ತಿದ್ದ 000 ನೆನಪಾಗುವುದಿಲ್ಲವೆ? ಮುಂದೆ ಹೋಗುತ್ತಾ ಕಣ್ಣಿನ ಅಧ್ಯಾಯ ಸಿಕ್ಕಿದಾಗ, ಒಂದು ಪಕ್ಕದ ಕಡತದಲ್ಲಿ ‘ಕಣ್ಣು: ಅಧ್ಯಾಯ 6, ಪುಟ 41’ ಎಂದು ಬರೆದಿಟ್ಟುಕೊಳ್ಳುತ್ತದೆ. ಪುಸ್ತಕ ಮುಗಿಯುವ ಹೊತ್ತಿಗೆ ಆ ಕಡತದಲ್ಲಿ ಎಲ್ಲ ಹೆಸರುಗಳೂ ಅವುಗಳ ಸಂಖ್ಯೆಗಳೂ ಇರುತ್ತವೆ. ಎರಡನೆಯ ಸುತ್ತಿನಲ್ಲಿ ಯಂತ್ರ ಮೊದಲು ಆ ಕಡತವನ್ನು ಓದಿಕೊಂಡು, ಆಮೇಲೆ ಪುಸ್ತಕಕ್ಕೆ ಕೈಹಾಕುತ್ತದೆ. ಈಗ ಪ್ರಶ್ನಾರ್ಥಕ ಚಿಹ್ನೆಗಳ ಜಾಗದಲ್ಲಿ 6 ಬಂದು ಕೂರುತ್ತದೆ.

ಗಣಕ ವಿಜ್ಞಾನ ಓದುತ್ತಿರುವವರಿಗೆ ಇದು ಪರಿಚಿತವಾದ ಉಪಾಯ. ಅಸೆಂಬ್ಲಿ ಭಾಷೆಯಲ್ಲಿ ಬರೆದ ಆದೇಶಗಳನ್ನು ಯಂತ್ರಭಾಷೆಗೆ ತಿರುಗಿಸುವ ಅಸೆಂಬ್ಲರ್ ಕೂಡ, ಮುಂದೆ ಬರಲಿರುವ ಹೆಸರೊಂದಕ್ಕೆ ‘ಹಾರು’ ಎಂಬ ಆದೇಶ ಸಿಕ್ಕಿದಾಗ ಇದೇ ತೊಡಕಿಗೆ ಸಿಗುತ್ತದೆ. ಮೊದಲ ಸುತ್ತಿನಲ್ಲಿ ವಿಳಾಸಗಳ ಪಟ್ಟಿ, ಎರಡನೆಯ ಸುತ್ತಿನಲ್ಲಿ ತಿರುಗಿಸುವ ಕೆಲಸ.

ಪುಟಸಂಖ್ಯೆಗಳಿಗೆ ಕೆಲವೊಮ್ಮೆ ಮೂರನೆಯ ಸುತ್ತೂ ಬೇಕು. ಮೊದಲ ಸುತ್ತಿನಲ್ಲಿ ಪರಿವಿಡಿ ಖಾಲಿ ಇರುತ್ತದೆ, ಏಕೆಂದರೆ ಅಧ್ಯಾಯಗಳ ಪುಟ ಯಂತ್ರಕ್ಕೆ ಇನ್ನೂ ತಿಳಿದಿಲ್ಲ. ಎರಡನೆಯ ಸುತ್ತಿನಲ್ಲಿ ಪರಿವಿಡಿ ತುಂಬಿಕೊಂಡು ಎರಡು ಪುಟ ಹಿಡಿಯುತ್ತದೆ. ರೋಮನ್ ಅಂಕಿಯ ಉಪಾಯ ಬಳಸದಿದ್ದರೆ ಆಗ ಎಲ್ಲ ಅಧ್ಯಾಯಗಳೂ ಎರಡು ಪುಟ ಹಿಂದಕ್ಕೆ ತಳ್ಳಲ್ಪಡುತ್ತವೆ. ಆದರೆ ಪರಿವಿಡಿಯಲ್ಲಿ ಅಚ್ಚಾದದ್ದು ತಳ್ಳುವ ಮೊದಲಿನ ಸಂಖ್ಯೆ! ಮೂರನೆಯ ಸುತ್ತಿನಲ್ಲಿ ಎಲ್ಲವೂ ಸರಿಹೋಗುತ್ತದೆ. ಅಧ್ಯಾಯ ಸಂಖ್ಯೆಗೆ ಈ ಪಾಡಿಲ್ಲ. ಪುಟ ಎಷ್ಟೇ ಜರುಗಿದರೂ ಆರನೆಯ ಅಧ್ಯಾಯ ಆರನೆಯದೇ.

ಈಗ ಅತಿ ಮುಖ್ಯವಾದ ಎಚ್ಚರಿಕೆ. ಹೊಸ ಅಧ್ಯಾಯ ಸೇರಿಸಿದ ಮೇಲೆ ಒಂದೇ ಸುತ್ತು ಓಡಿಸಿ ನಿಲ್ಲಿಸಿದರೆ ಏನಾಗುತ್ತದೆ? ಪಕ್ಕದ ಕಡತದಲ್ಲಿ ಹಿಂದಿನ ಸಲದ ‘ಕಣ್ಣು: 5’ ಇನ್ನೂ ಇರುತ್ತದೆ. ಯಂತ್ರ ಅದನ್ನೇ ನಂಬಿ 5 ಎಂದು ಹಾಕುತ್ತದೆ. ಇಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವುದಿಲ್ಲ. ‘??’ ಯಾರ ಕಣ್ಣಿಗಾದರೂ ಬೀಳುತ್ತದೆ. ತಪ್ಪಾದ ‘5’ ಸರಿಯಾದ ‘5’ರಂತೆಯೇ ಕಾಣುತ್ತದೆ. ಇದಕ್ಕಾಗಿಯೇ ಲಾಟೆಕ್ ಕೊನೆಯಲ್ಲಿ ಹೊಸ ಸಂಖ್ಯೆಗಳನ್ನು ಹಳೆಯವುಗಳ ಜೊತೆ ಹೋಲಿಸಿ ನೋಡಿ, ವ್ಯತ್ಯಾಸ ಕಂಡರೆ ಮತ್ತೊಮ್ಮೆ ಓಡಿಸುವಂತೆ ಸೂಚನೆ ಕೊಡುತ್ತದೆ. ಆ ಸೂಚನೆ ನಿಲ್ಲುವವರೆಗೆ ಕೆಲಸ ಮುಗಿದಿಲ್ಲ ಎಂದು ತಿಳಿಯಬೇಕು.

ಮುಗಿಯದ ಸುತ್ತು

ಸುತ್ತುತ್ತಲೇ ಇದ್ದರೆ ಎಂದಾದರೂ ನಿಲ್ಲುತ್ತದೆಯೆ? ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ನಿಲ್ಲದ ಸಂದರ್ಭವೂ ಇದೆ. ಗಣಿತ ಇಷ್ಟಪಡುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಚಿತ್ರವೊಂದು ಅದೇ ಪುಟದಲ್ಲಿದ್ದರೆ ‘ಇದೇ ಪುಟದ ಕೆಳಭಾಗದಲ್ಲಿ ಕೊಟ್ಟಿರುವ ಚಿತ್ರವನ್ನು ನೋಡಿ’ ಎಂದೂ, ಬೇರೆ ಪುಟದಲ್ಲಿದ್ದರೆ ಚುಟುಕಾಗಿ ‘ಪುಟ 8 ನೋಡಿ’ ಎಂದೂ ಬರೆಯಲು ಯಂತ್ರಕ್ಕೆ ಹೇಳಿದ್ದೇವೆ ಎನ್ನಿ. ಚಿತ್ರ 7ನೆಯ ಪುಟದ ಕೊನೆಯಲ್ಲಿ, ಒಂದು ಸಾಲಿಗೂ ಎಡೆಯಿಲ್ಲದಂತೆ ಕುಳಿತಿದೆ. ಯಂತ್ರ ಉದ್ದನೆಯ ವಾಕ್ಯ ಹಾಕುತ್ತದೆ. ಅದರಿಂದ ಒಂದು ಸಾಲು ಹೆಚ್ಚಾಗಿ ಚಿತ್ರ 8ನೆಯ ಪುಟಕ್ಕೆ ಹೋಗುತ್ತದೆ. ಮುಂದಿನ ಸುತ್ತಿನಲ್ಲಿ ಯಂತ್ರ ‘ಪುಟ 8 ನೋಡಿ’ ಎನ್ನುತ್ತದೆ. ಒಂದು ಸಾಲು ಉಳಿಯುತ್ತದೆ. ಚಿತ್ರ ಮತ್ತೆ 7ಕ್ಕೆ ಬರುತ್ತದೆ. ಅದರ ಮುಂದಿನ ಸುತ್ತಿನಲ್ಲಿ ಮತ್ತೆ ಉದ್ದನೆಯ ವಾಕ್ಯ! ನೂರು ಸುತ್ತು ಓಡಿಸಿದರೂ ಇದು ಗೋಡೆ ಗಡಿಯಾರದ ಲೋಲಕದಂತೆ ಆಚೆ ಈಚೆ ತೂಗುತ್ತಲೇ ಇರುತ್ತದೆ.

ಯಂತ್ರ ಕೆಟ್ಟಿದೆ ಎಂದಲ್ಲ. ನಾವು ಕೇಳಿದ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ವಾಕ್ಯ ಹಾಕಿದರೂ ಅದು ಸುಳ್ಳಾಗುತ್ತದೆ. ಪರಿಹಾರ ಮಾತ್ರ ಸುಲಭ. ಮನುಷ್ಯರೊಬ್ಬರು ಆ ವಾಕ್ಯವನ್ನು ‘ಚಿತ್ರ 3 ನೋಡಿ’ ಎಂದು ಬದಲಿಸಿದರೆ ಸಾಕು. ಯಂತ್ರಕ್ಕೆ ಕೊಡುವ ಕೆಲಸದಲ್ಲಿ ಸುತ್ತು ಮುಗಿಯುತ್ತದೆಯೇ ಎಂದು ಮೊದಲೇ ಯೋಚಿಸುವುದು ವಿಜ್ಞಾನದ ವಿದ್ಯಾರ್ಥಿ ಬೆಳೆಸಿಕೊಳ್ಳಬೇಕಾದ ಅಭ್ಯಾಸ.

ಕನ್ನಡದ ಅನುಕೂಲ, ಅನಾನುಕೂಲ

ಯಂತ್ರ ತಂದು ಕೂರಿಸುವುದು ಬರಿಯ ಅಂಕಿಯನ್ನು. ಅದರ ಮುಂದಿನ ಪ್ರತ್ಯಯವನ್ನು ನಾವೇ ಬರೆದಿಟ್ಟಿರುತ್ತೇವೆ. ಅಂಕಿ ಬದಲಾದಾಗ ಪ್ರತ್ಯಯವೂ ಬದಲಾಗಬೇಕಾದರೆ ಕಷ್ಟ. ಇಂಗ್ಲಿಷಿನಲ್ಲಿ ಫಸ್ಟ್, ಸೆಕೆಂಡ್, ಥರ್ಡ್, ಫೋರ್ತ್ ಎಂದು ಅಂಕಿಯ ಬಾಲ ಬೇರೆ ಬೇರೆ. ಕನ್ನಡದಲ್ಲಿ 2ನೆಯ, 3ನೆಯ, 14ನೆಯ, 100ನೆಯ, ಎಲ್ಲಕ್ಕೂ ‘ನೆಯ’. ವಿಭಕ್ತಿಯಲ್ಲೂ ಹಾಗೆಯೇ: ಐದರಲ್ಲಿ, ಹನ್ನೊಂದರಲ್ಲಿ, ಇಪ್ಪತ್ತರಲ್ಲಿ, ನೂರರಲ್ಲಿ. ‘ಸಾವಿರದಲ್ಲಿ’ ಎಂಬಲ್ಲಿ ಮಾತ್ರ ರೂಪ ಬದಲಾಗುತ್ತದೆ. ಸಾವಿರ ಅಧ್ಯಾಯದ ಪುಸ್ತಕವನ್ನು ನಾವ್ಯಾರೂ ಬರೆಯುವ ಹಾಗಿಲ್ಲವಾದ್ದರಿಂದ ಚಿಂತೆಯಿಲ್ಲ!

ಆದರೆ ಸಂಖ್ಯೆಯ ಬದಲು ಅಧ್ಯಾಯದ ಶೀರ್ಷಿಕೆಯನ್ನೇ ಯಂತ್ರ ತಂದು ಕೂರಿಸಬೇಕೆಂದರೆ ಕನ್ನಡ ಸುಲಭವಾಗಿ ಬಗ್ಗುವುದಿಲ್ಲ. ‘ಗ್ರಹಣ’ವಾದರೆ ಗ್ರಹಣದಲ್ಲಿ, ‘ಭೂಮಿ’ಯಾದರೆ ಭೂಮಿಯಲ್ಲಿ, ‘ಧೂಮಕೇತು’ವಾದರೆ ಧೂಮಕೇತುವಿನಲ್ಲಿ, ‘ಕಣ್ಣು’ ಆದರೆ ಕಣ್ಣಿನಲ್ಲಿ. ಯಾವ ಪದ ಬರುತ್ತದೆಂದು ತಿಳಿಯದೆ ಪ್ರತ್ಯಯ ಬರೆದಿಡುವುದು ಹೇಗೆ? ಇದಕ್ಕೆ ನಮ್ಮ ಭಾಷೆಯಲ್ಲೇ ಪರಿಹಾರ ಇದೆ. ಶೀರ್ಷಿಕೆಯ ಮುಂದೆ ‘ಎಂಬ ಅಧ್ಯಾಯದಲ್ಲಿ’ ಎಂದು ಬರೆದರೆ ಶೀರ್ಷಿಕೆ ಯಾವುದಾದರೂ ವ್ಯಾಕರಣ ಕೆಡುವುದಿಲ್ಲ. ವಿಭಕ್ತಿಯ ಭಾರವನ್ನು ‘ಅಧ್ಯಾಯ’ ಎಂಬ ಪದವೇ ಹೊರುತ್ತದೆ.

ಇನ್ನು ಕನ್ನಡ ಅಂಕಿಗಳ ಮಾತು. ಯಂತ್ರ ತನ್ನೊಳಗೆ ಇಟ್ಟುಕೊಳ್ಳುವುದು ಎಣಿಕೆಯನ್ನು. ಅದನ್ನು 6 ಎಂದು ತೋರಿಸಬೇಕೋ ೬ ಎಂದು ತೋರಿಸಬೇಕೋ ಎಂಬುದು ಒಂದು ಆದೇಶದ ಮಾತು. ಅದನ್ನು ಬದಲಿಸಿದರೆ ಪುಸ್ತಕದ ಎಲ್ಲ ಉಲ್ಲೇಖಗಳ ಅಂಕಿಯೂ ಒಟ್ಟಿಗೆ ಬದಲಾಗುತ್ತದೆ. 2004ರಲ್ಲಿ ಬಂದ ‘ಜೀಟೆಕ್’ ಎಂಬ ಟೆಕ್‌ನ ರೂಪದಲ್ಲಿ ಯೂನಿಕೋಡ್ ಕನ್ನಡವನ್ನು ನೇರವಾಗಿ ಜೋಡಿಸಬಹುದು.

ಯಂತ್ರ ನೋಡದ ತಪ್ಪು

ಹಾಗಾದರೆ ಕರಡು ತಿದ್ದುವವರು ಇನ್ನು ಬೇಡವೆ? ಖಂಡಿತ ಬೇಕು. ‘ಕಣ್ಣು’ ಎಂಬ ಹೆಸರಿನ ಅಧ್ಯಾಯ ಇದೆಯೇ, ಅದರ ಸಂಖ್ಯೆ ಎಷ್ಟು ಎಂಬುದಷ್ಟೇ ಯಂತ್ರಕ್ಕೆ ಗೊತ್ತು. ಆ ಅಧ್ಯಾಯದಲ್ಲಿ ನಾವು ಹೇಳಿದ ವಿಷಯ ಇದೆಯೇ ಎಂಬುದು ಅದಕ್ಕೆ ತಿಳಿಯದು. ಅಲ್ಲಿಂದ ಎಚ್ಚರಿಕೆಯ ಮಾತುಗಳನ್ನೆಲ್ಲ ಯಾರಾದರೂ ತೆಗೆದುಹಾಕಿದ್ದರೂ ‘6ನೆಯ ಅಧ್ಯಾಯ ಓದಿ’ ಎಂದು ಯಂತ್ರ ಅದೇ ವಿಶ್ವಾಸದಿಂದ ಹೇಳುತ್ತದೆ. ಅಂಕಿ ಸರಿ, ಮಾತು ಸುಳ್ಳು.

ಇನ್ನೊಂದು ತಪ್ಪು ಹೆಸರಿಡುವುದರಲ್ಲಿ ಆಗುತ್ತದೆ. ಲೇಬಲಿಗೆ ‘ಅಧ್ಯಾಯ5’ ಎಂದು ಹೆಸರಿಟ್ಟರೆ ನಾವು ಬಿಟ್ಟುಬಂದ ಸಂಖ್ಯೆಯನ್ನು ಹಿಂಬಾಗಿಲಿನಿಂದ ಒಳಗೆ ಕರೆತಂದಂತೆ. ನಾಳೆ ಅದು 6 ಆದಾಗ ಬರೆಯುವವರೇ ಗಲಿಬಿಲಿಗೊಳ್ಳುತ್ತಾರೆ. ಹೆಸರು ವಿಷಯವನ್ನು ಹೇಳಬೇಕು, ಜಾಗವನ್ನಲ್ಲ. ಎರಡು ಅಧ್ಯಾಯಗಳಿಗೆ ಒಂದೇ ಹೆಸರನ್ನೂ ಇಡಬಾರದು. ಇಟ್ಟರೆ ಯಂತ್ರ ಎಚ್ಚರಿಸುತ್ತದೆ, ಆದರೆ ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಯಾವುದೆಂದು ಅದು ಊಹಿಸಲಾರದು.

ನೀವೇ ಮಾಡಿ ನೋಡಿ

ಗಣಕಯಂತ್ರ ಇಲ್ಲದಿದ್ದರೂ ಈ ಪ್ರಯೋಗ ಮಾಡಬಹುದು. ಆರು ರಟ್ಟಿನ ಚೀಟಿಗಳನ್ನು ತೆಗೆದುಕೊಂಡು ಒಂದೊಂದರ ಮೇಲೂ ಒಂದೊಂದು ಅಧ್ಯಾಯದ ಹೆಸರು ಬರೆಯಿರಿ. ಪ್ರತಿ ಚೀಟಿಯ ಕೆಳಗೆ ‘ಇನ್ನೊಂದು ಚೀಟಿ ನೋಡಿ’ ಎಂಬ ಉಲ್ಲೇಖ ಇರಲಿ. ಆದರೆ ಸಂಖ್ಯೆ ಬೇಡ, ಹೆಸರು ಮಾತ್ರ. ಚೀಟಿಗಳನ್ನು ಕಲಸಿ ಸಾಲಾಗಿ ಇಡಿ. ಗೆಳೆಯರೊಬ್ಬರು ಮೊದಲ ಸುತ್ತಿನಲ್ಲಿ ಸಾಲಿನುದ್ದಕ್ಕೂ ಹೋಗಿ ಹೆಸರು ಮತ್ತು ಸಂಖ್ಯೆಗಳ ಪಟ್ಟಿ ಮಾಡಲಿ. ಎರಡನೆಯ ಸುತ್ತಿನಲ್ಲಿ ಪಟ್ಟಿ ನೋಡಿ ಉಲ್ಲೇಖಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಸಂಖ್ಯೆ ಬರೆಯಲಿ. ಆಮೇಲೆ ನಡುವೆ ಒಂದು ಹೊಸ ಚೀಟಿ ಸೇರಿಸಿ, ಪಟ್ಟಿಯನ್ನು ಹೊಸದಾಗಿ ಮಾಡದೆ ಹಳೆಯ ಪಟ್ಟಿಯಿಂದಲೇ ಸಂಖ್ಯೆ ಬರೆಯಿರಿ. ಎಷ್ಟು ಕೈಮರಗಳು ತಪ್ಪು ದಾರಿ ತೋರಿಸಿದವು, ಎಣಿಸಿ ನೋಡಿ.

ಶಾಲೆಯಲ್ಲೋ ಮನೆಯಲ್ಲೋ ಗಣಕಯಂತ್ರ ಇದ್ದವರು ಮುಂದಿನ ಪ್ರಾಜೆಕ್ಟ್ ವರದಿಯಲ್ಲಿ ಇದನ್ನು ಬಳಸಬಹುದು. ‘ವರ್ಡ್’ ಮತ್ತು ‘ಲಿಬ್ರೆ ಆಫೀಸ್’ ಎರಡರಲ್ಲೂ ‘ಇನ್ಸರ್ಟ್’ ವಿಭಾಗ ಹುಡುಕಿದರೆ ‘ಕ್ರಾಸ್ ರೆಫರೆನ್ಸ್’ ಸಿಗುತ್ತದೆ. ಶೀರ್ಷಿಕೆಗಳಿಗೆ ಕೈಯಿಂದ ಅಂಕಿ ಬರೆಯದೆ, ಯಂತ್ರವೇ ಎಣಿಸುವ ಶೀರ್ಷಿಕೆ ಶೈಲಿಯನ್ನು ಕೊಡಿ. ಒಂದನ್ನು ಮಾತ್ರ ಮರೆಯಬೇಡಿ. ವರ್ಡ್‌ನಲ್ಲಿ ಅಧ್ಯಾಯ ಸೇರಿಸಿದ ಕ್ಷಣಕ್ಕೆ ಉಲ್ಲೇಖಗಳು ತಾವಾಗಿಯೇ ಬದಲಾಗುವುದಿಲ್ಲ. ಎಲ್ಲವನ್ನೂ ಆಯ್ದುಕೊಂಡು ‘ಎಫ್ 9’ ಕೀಲಿ ಒತ್ತಬೇಕು. ಒತ್ತದಿದ್ದರೆ ಹಳೆಯ 5 ಅಲ್ಲೇ ಉಳಿದಿರುತ್ತದೆ. ಒತ್ತಿದ ಮೇಲೂ, ವರದಿ ಒಪ್ಪಿಸುವ ಮುನ್ನ, ಪ್ರತಿ ಉಲ್ಲೇಖವನ್ನೂ ಒಮ್ಮೆ ಓದಿ, ಅದು ತೋರಿಸುವ ಜಾಗಕ್ಕೆ ಹೋಗಿ, ಹೇಳಿದ ವಿಷಯ ಅಲ್ಲಿದೆಯೇ ಎಂದು ನೋಡಿ ಬನ್ನಿ.

ಗ್ರಹಣದ ಆ ಪುಸ್ತಿಕೆಯ ನಂತರ ನಾವೂ ಹಾಗೆಯೇ ಮಾಡುತ್ತಿದ್ದೇವೆ. ಅಧ್ಯಾಯಗಳಿಗೆ ಸಂಖ್ಯೆ ಕೊಡುವುದು ಯಂತ್ರ. ಚಿತ್ರಗಳ ಅಡಿಬರಹವನ್ನೂ ಸೇರಿಸಿ ಪ್ರತಿ ಉಲ್ಲೇಖದ ಬೆನ್ನುಹತ್ತಿ ಹೋಗಿ ನೋಡುವುದು ನಾನು. ಇಷ್ಟಾದರೂ ಈ ಪುಸ್ತಿಕೆಯಲ್ಲಿ ಎಲ್ಲಾದರೂ ಒಂದು ಕೈಮರ ತಪ್ಪು ದಿಕ್ಕಿಗೆ ನಿಂತಿರುವುದು ಕಂಡರೆ ದಯವಿಟ್ಟು ಒಂದು ಕಾರ್ಡು ಬರೆಯಿರಿ. ತಿದ್ದುಪಡಿಯನ್ನು ಮುಂದಿನ ಕಾರ್ಯಕ್ರಮದಲ್ಲೇ ಓದಿಸುತ್ತೇವೆ.